ತೆಳು ಡಬ್ಬಿಯೂ ಪರಿಗ್ರಹದ ಪರಿಮಾಣವೂ

ಮನೆಯ ಕಪಾಟಿನಲ್ಲಿ ಸಂಗೀತದ ಸೀಡಿಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿರುವ ಗೃಹಸ್ಥನಿಗೆ, ಇನ್ನೊಂದನ್ನು ತೂರಿಸುವುದಕ್ಕೆ ಬೆರಳೆಡೆಯೂ ಉಳಿಯದೆ ಹೋದ ಕಾಲದಲ್ಲಿ ಮೂರು ದಾರಿಗಳು ತೋರುತ್ತವೆ: ಹೊಸ ಕಪಾಟನ್ನು ಮಾಡಿಸುವುದು, ಇರುವುದರಲ್ಲಿ ಕೆಲವನ್ನು ಯಾರಿಗಾದರೂ ಕೊಟ್ಟುಬಿಡುವುದು, ಇಲ್ಲವೆ ದಪ್ಪ ಡಬ್ಬಿಗಳನ್ನು ತೆಗೆದುಹಾಕಿ ತೆಳುವಾದವನ್ನು ತರುವುದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಮನಸ್ಸು ಬೇಕು. ಮೂರನೆಯದಕ್ಕೆ ಇವೆರಡೂ ಅಷ್ಟಾಗಿ ಬೇಡವಾದುದರಿಂದ ಬಹುಮಂದಿ ಅದನ್ನೇ ಹಿಡಿಯುತ್ತಾರೆ. ಲೆಕ್ಕವೂ ಅವರ ಪಕ್ಷದಲ್ಲಿಯೇ ಇದೆ. ವಾಡಿಕೆಯ ಡಬ್ಬಿಯ ದಪ್ಪ 10 ಮಿಲಿಮೀಟರಿಗಿಂತ ತುಸು ಹೆಚ್ಚು. ತೆಳು ಡಬ್ಬಿಯದು ಅದರ ಅರ್ಧ. ಒಳಗೆ ಮಲಗಿರುವ ತಟ್ಟೆಯದಾದರೋ ಕೇವಲ 1.2 ಮಿಲಿಮೀಟರು. ಒಂದಡಿ ಹಲಗೆಯ ಮೇಲೆ 29 ನಿಲ್ಲುತ್ತಿದ್ದೆಡೆ ಇನ್ನು 58 ನಿಲ್ಲುತ್ತವೆ. ಇಷ್ಟು ಕಾಲ ನಾವು ಕಾಪಾಡಿಕೊಂಡು ಬಂದದ್ದರಲ್ಲಿ ಬಹುಭಾಗ ಗಾಳಿ ಮತ್ತು ಪ್ಲಾಸ್ಟಿಕ್ಕೆಂದು ತಿಳಿದಾಗ, ಡಬ್ಬಿಗಳನ್ನು ಬದಲಾಯಿಸಿದ ಸಂಜೆ, ಏನೋ ಒಂದು ತ್ಯಾಗವನ್ನು ಮಾಡಿದ ಹಗುರವಾದ ಸುಖವೂ ಮನಸ್ಸಿಗೆ ಒದಗುವುದುಂಟು.

ಆ ಸುಖಕ್ಕೆ ಆಧಾರವಿದೆಯೇ ಎಂಬುದೇ ಇಲ್ಲಿನ ವಿಚಾರ. ಸಂಗ್ರಹವನ್ನು ಸಂಕೋಚಗೊಳಿಸುವುದಕ್ಕೂ ಸಂಗ್ರಹೇಚ್ಛೆಯನ್ನು ಸಂಕೋಚಗೊಳಿಸುವುದಕ್ಕೂ ಇರುವ ಅಂತರವನ್ನು ನನಗೆ ತಿಳಿದಮಟ್ಟಿಗೆ ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ಅಳೆದವರಿಲ್ಲ. ಸಂನ್ಯಾಸಿಯಾಗಲಾರದ ಶ್ರಾವಕನಿಗೆ ಅವರು ವಿಧಿಸಿದ ಐದನೆಯ ಅಣುವ್ರತ ಪರಿಗ್ರಹಪರಿಮಾಣ. ಹೊಲ, ಮನೆ, ಬೆಳ್ಳಿ ಬಂಗಾರ, ಧನಧಾನ್ಯ, ಪಾತ್ರೆಪಡಗ, ಇವು ಇಷ್ಟೇ ಸಾಕೆಂದು ತಾನೇ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು ಅದನ್ನು ಮೀರದಿರುವುದು. ಇಷ್ಟಕ್ಕೇ ನಿಂತಿದ್ದರೆ ಅದು ಕೇವಲ ಉಪದೇಶವಾಗುತ್ತಿತ್ತು. ಆದರೆ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ, ಈ ವ್ರತವನ್ನು ಅಕ್ಷರಶಃ ಪಾಲಿಸುತ್ತಲೇ ಮುರಿಯುವ ಉಪಾಯಗಳನ್ನೂ ಎಣಿಸಿ ಹೇಳಿದ್ದಾರೆ. ಒಂದೇ ಹೊಲವೆಂದು ವ್ರತ ಹಿಡಿದವನು ಪಕ್ಕದ ಹೊಲವನ್ನು ಕೊಂಡು ನಡುವಣ ಬೇಲಿಯನ್ನು ಕಿತ್ತುಹಾಕುತ್ತಾನೆ. ಎರಡು ಹೊಲಗಳು ಒಂದಾದವು, ಸಂಖ್ಯೆ ಕೆಡಲಿಲ್ಲ. ಮಿತಿಮೀರಿದ ಬಂಗಾರವನ್ನು ಮತ್ತೊಬ್ಬರ ಕೈಯಲ್ಲಿ ಇರಿಸುತ್ತಾನೆ. ಹತ್ತು ಪಾತ್ರೆಗಳೆಂದು ನೇಮ ಮಾಡಿಕೊಂಡವನ ಮನೆಗೆ ಹನ್ನೊಂದನೆಯದು ಬಂತೆನ್ನಿ, ಎರಡನ್ನು ಕರಗಿಸಿ ಒಂದು ದೊಡ್ಡ ಪಾತ್ರೆಯಾಗಿ ಎರಕ ಹೊಯ್ಯಿಸಿಕೊಳ್ಳುತ್ತಾನೆ. ಇವನ ವ್ರತ ಮುರಿದಿದೆಯೆಂದು ಯಾವ ಪಂಚಾಯತಿಯೂ ಹೇಳಲಾರದು. ಹೀಗಿದ್ದರೂ ಅದು ಅತಿಚಾರವೆಂದೇ ಆಚಾರ್ಯರ ನಿರ್ಣಯ. ಇದನ್ನು ಬರೆದವರಿಗೆ ಮನುಷ್ಯಸ್ವಭಾವದ ಪರಿಚಯ ಎಷ್ಟಿದ್ದಿರಬೇಕು, ಮತ್ತು ಸಮೀಪದಲ್ಲಿ ಎಷ್ಟು ಜನ ಸಾಹುಕಾರರಿದ್ದಿರಬೇಕು!

ನಮ್ಮ ಸೀಡಿಗಳ ಗೃಹಸ್ಥ ಮಾಡುವುದು ಇದೇ ತಂತ್ರವನ್ನು ತಲೆಕೆಳಗು ಮಾಡಿ. ಪಾತ್ರೆಯವನು ಸಂಖ್ಯೆಯನ್ನು ಕಾಯ್ದುಕೊಂಡು ಗಾತ್ರವನ್ನು ಹಿಗ್ಗಿಸಿದ. ಇವನು ಗಾತ್ರವನ್ನು ಕಾಯ್ದುಕೊಂಡು ಸಂಖ್ಯೆಯನ್ನು ಹಿಗ್ಗಿಸುತ್ತಾನೆ. ಕಪಾಟು ಒಂದೇ, ಅದರೊಳಗೆ ಮಲ್ಲಿಕಾರ್ಜುನ ಮನಸೂರರ ಪಕ್ಕದಲ್ಲಿ ಇಷ್ಟು ದಿನ ಸ್ಥಳವಿಲ್ಲದೆ ಹೊರಗುಳಿದಿದ್ದವರೆಲ್ಲ ಬಂದು ಸೇರುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಹಲಗೆ ಮತ್ತೆ ಬಿಗಿದುಕೊಳ್ಳುತ್ತದೆ.

ಇದಕ್ಕೆ ರಸಿಕರು ಕೊಡುವ ಸಮಾಧಾನವೊಂದುಂಟು. ಪಾತ್ರೆ ಹೊಲಗಳ ಮಾತು ಬೇರೆ, ನಾವು ಕೂಡಿಹಾಕುತ್ತಿರುವುದು ನಾದವನ್ನು, ನಾದವೆಂಬುದು ವಸ್ತುವಲ್ಲ, ಆದುದರಿಂದ ಅದು ಪರಿಗ್ರಹವೂ ಅಲ್ಲ ಎನ್ನುತ್ತಾರೆ. ಶಬ್ದ ನಿತ್ಯವೆಂದ ಮೀಮಾಂಸಕರಾಗಲಿ, ಅದು ಆಕಾಶದ ಗುಣವೆಂದ ನೈಯಾಯಿಕರಾಗಲಿ ಈ ವಾದವನ್ನು ಕೇಳಿ ಸ್ವಲ್ಪ ತಲೆದೂಗಿಯಾರು. ಜೈನರು ಮಾತ್ರ ತಲೆದೂಗುವುದಿಲ್ಲ. ಅವರ ತತ್ತ್ವದಲ್ಲಿ ಶಬ್ದವೂ ಪುದ್ಗಲದ ಪರ್ಯಾಯವೇ, ಎಂದರೆ ಮಣ್ಣು ಲೋಹಗಳಂತೆ ಜಡದ್ರವ್ಯದ ಒಂದು ಅವಸ್ಥೆಯೇ. ಸೀಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅವರ ಮಾತೇ ಮೇಲಾಗುತ್ತದೆ. ಒಳಗಿನಿಂದ ಹೊರಕ್ಕೆ ಸುತ್ತಿಹೋಗುವ ಸುರುಳಿಯಲ್ಲಿ ಕಣ್ಣಿಗೆ ನಿಲುಕದ ಕುಳಿಗಳು, ಅವುಗಳ ಮೇಲೆ ಅಲ್ಯೂಮಿನಿಯಮ್ಮಿನ ತೆಳುಪೊರೆ, ಅದರ ಮೇಲೆ ಒಂದು ಕೈ ಅರಗು. ಬಾಗೇಶ್ರೀ ರಾಗವು ನಮ್ಮ ಮನೆಯಲ್ಲಿ ತಂಗಿರುವುದು ಈ ರೂಪದಲ್ಲಿ. ಜನರು ಹೊಳೆಯುವ ಮೈಗೆ ಗೀರು ಬಿದ್ದೀತೆಂದು ಹೆದರುತ್ತಾರೆ. ನಿಜವಾಗಿ ಅಪಾಯ ಹೆಚ್ಚು ಇರುವುದು ಹೆಸರು ಅಚ್ಚಾಗಿರುವ ಮೇಲ್ಮೈಯಲ್ಲಿ, ಏಕೆಂದರೆ ಅಲ್ಲಿ ಬೆಳ್ಳಿಪೊರೆಗೂ ನಮ್ಮ ಉಗುರಿಗೂ ನಡುವೆ ಇರುವುದು ಆ ಅರಗೊಂದೇ.

ಹಾಗಾದರೆ ಇದೆಲ್ಲವನ್ನೂ ಬಿಸುಡಬೇಕೇ? ಉಮಾಸ್ವಾತಿಯ ಮಾತನ್ನು ನಂಬಿದರೆ ಹಾಗಿಲ್ಲ. ಪರಿಗ್ರಹವು ವಸ್ತುವಿನಲ್ಲಿಲ್ಲ, ಅದರ ವಿಷಯದಲ್ಲಿ ನಮಗಿರುವ ಮೂರ್ಛೆಯಲ್ಲಿ, ಎಂದರೆ ಮೋಹದಲ್ಲಿ, ಇದೆ ಎಂದು ಅವನ ತತ್ತ್ವಾರ್ಥಸೂತ್ರದ ಅಭಿಪ್ರಾಯ. ನೂಲಿನ ಎಳೆಯನ್ನೂ ಬಿಟ್ಟ ದಿಗಂಬರ ಮುನಿಯ ಕೈಯಲ್ಲಿಯೂ ನವಿಲುಗರಿಯ ಪಿಂಛಿ ಕಮಂಡಲುಗಳಿರುತ್ತವೆ. ಅವು ಸಂಯಮಕ್ಕೆ ಉಪಕರಣಗಳಾದುದರಿಂದ ಪರಿಗ್ರಹವಲ್ಲ. ಡಬ್ಬಿಯ ದಪ್ಪವು ಆದುದರಿಂದ ಯಾವ ಕಡೆಗೂ ಸಾಕ್ಷಿ ಹೇಳಲಾರದು. ಕೇಳಬೇಕಾದದ್ದು, ಈ ಡಬ್ಬಿಯಿಂದ ತಟ್ಟೆ ಕೇಳ್ಮೆಗೆ ಹತ್ತಿರವಾಯಿತೋ ದೂರವಾಯಿತೋ ಎಂದು.

ಈ ದೃಷ್ಟಿಯಿಂದ ನೋಡಿದರೆ ತೆಳು ಡಬ್ಬಿಯ ಮೇಲೆ ನನ್ನ ಆಕ್ಷೇಪಣೆಗಳು ಎರಡು. ದಪ್ಪ ಡಬ್ಬಿಯ ಎರಡು ಪಕ್ಕಗಳಲ್ಲಿಯೂ ಮಡಿಚಿ ಕೂರಿಸಿದ ಕಾಗದದ ಮೇಲೆ ಹೆಸರಿರುತ್ತದೆ; ಸಾಲಿನಲ್ಲಿ ನಿಂತಾಗಲೂ ಇದು ಯಾರದೆಂದು ಓದಬಹುದು. ತೆಳುವಾದದ್ದಕ್ಕೆ ಸಾಮಾನ್ಯವಾಗಿ ಅಂಥ ಬೆನ್ನಿಲ್ಲ. ಐವತ್ತೆಂಟು ಡಬ್ಬಿಗಳ ಸಾಲು ಐವತ್ತೆಂಟು ಗಾಜುಗೆರೆಗಳಾಗಿ ಕಾಣುತ್ತದೆ, ಬೇಕಾದ್ದನ್ನು ಹುಡುಕುವಷ್ಟರಲ್ಲಿ ಕೇಳುವ ಮನಸ್ಸೇ ಹೋಗುತ್ತದೆ. ಎರಡನೆಯದು ಇನ್ನೂ ಗಂಭೀರ. ಮುಚ್ಚಳದೊಳಗಿನ ಪುಸ್ತಿಕೆ ಕೊಂಚ ದಪ್ಪನಾಗಿದ್ದರೆ ತೆಳು ಡಬ್ಬಿಯಲ್ಲಿ ಅದು ಹಿಡಿಸದು; ಹಿಡಿಸದ್ದು ಮೊದಲು ಒಂದು ರಟ್ಟಿನ ಪೆಟ್ಟಿಗೆಗೆ, ಆಮೇಲೆ ರದ್ದಿಯವನಿಗೆ ಹೋಗುತ್ತದೆ. ಆ ಪುಸ್ತಿಕೆಯಲ್ಲಿದ್ದುದೇನು? ಗಾಯಕನ ಹೆಸರು ತಟ್ಟೆಯ ಮೇಲೆ ಹೇಗೂ ಇದೆ; ಆದರೆ ತಬಲೆಯವರು ಯಾರು, ಹಾರ್ಮೋನಿಯಂ ಯಾರದು, ಹಿಂದೆ ತಂಬೂರಿ ಮೀಟುತ್ತ ನಡುನಡುವೆ ದನಿಗೂಡಿಸಿದ ಶಿಷ್ಯೆ ಯಾರು ಎಂಬುದು ಅನೇಕ ವೇಳೆ ಅಲ್ಲಿ ಮಾತ್ರ. ಅರ್ಧ ಅಂಗುಲವನ್ನೂ ಮುಟ್ಟದ ಉಳಿತಾಯಕ್ಕಾಗಿ ಇಂಥವರ ಹೆಸರನ್ನು ಅಳಿಸಿಹಾಕುವುದನ್ನು ನಾನು ಅಪರಿಗ್ರಹವೆನ್ನಲಾರೆ. ಅದಕ್ಕೆ ಕೃತಘ್ನತೆಯೆಂಬ ಬೇರೆ ಹೆಸರಿದೆ.

ಇಷ್ಟೆಂದ ಮಾತ್ರಕ್ಕೆ ರಕ್ಷಣೆಯನ್ನೇ ಪೂಜೆಯಾಗಿಸುವುದೂ ಸರಿಯಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಮಹಾಗ್ರಂಥಗಳ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಬಂದ ಯಾತ್ರಿಕರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ಅಧ್ಯಯನ ದೊರೆಯುತ್ತಿರಲಿಲ್ಲ. ಪ್ರತಿಗಳನ್ನು ತೆಗೆಯುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೊಡಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಕಾದಿಟ್ಟವರ ಶ್ರದ್ಧೆಯಿಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲವೆಂಬುದು ದಿಟ. ಆದರೂ ಅದೇ ನಾಡಿನಲ್ಲಿ, ಹತ್ತನೆಯ ಶತಮಾನದಲ್ಲಿ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಪರಿಮಾಣವನ್ನು ಗೊತ್ತುಮಾಡಲೇಬೇಕಾದರೆ ಅಡಿಗಳಲ್ಲಿಯೂ ಮಿಲಿಮೀಟರುಗಳಲ್ಲಿಯೂ ಅಲ್ಲ, ಹೊತ್ತಿನಲ್ಲಿ ಮಾಡುವುದು ಮೇಲೆಂದು ತೋರುತ್ತದೆ. ಒಂದು ಸೀಡಿಗೆ ಮೊದಲಿಗೆ ಗೊತ್ತುಮಾಡಿದ ಅವಧಿ 74 ನಿಮಿಷ. ದಿನಕ್ಕೊಂದನ್ನು ಪೂರ್ತಿಯಾಗಿ ಕೇಳುವ ಪುಣ್ಯವಂತನಿಗೂ ವರ್ಷಕ್ಕೆ 365ಕ್ಕಿಂತ ಹೆಚ್ಚು ದಕ್ಕುವಂತಿಲ್ಲ, ಮತ್ತು ಒಳ್ಳೆಯದನ್ನು ಮತ್ತೆ ಮತ್ತೆ ಕೇಳದವನು ರಸಿಕನೇ ಅಲ್ಲ. ಈ ಲೆಕ್ಕದಲ್ಲಿ ಮಿಕ್ಕವನ್ನು ಕೇಳುವವರಿಗೆ ದಾಟಿಸಬಹುದು, ಪುಸ್ತಿಕೆಯ ಸಮೇತವಾಗಿ. ಪುಸ್ತಿಕೆಯುಳ್ಳವು ತಮ್ಮ ದಪ್ಪ ಡಬ್ಬಿಯಲ್ಲಿಯೇ ಇರಲಿ. ಗೆಳೆಯರು ಪ್ರತಿ ಮಾಡಿಕೊಟ್ಟ ಕಚೇರಿಗಳಿಗೆ ತೆಳುವಾದದ್ದು ಧಾರಾಳವಾಗಿ ಸಾಕು, ಕಲಾವಿದರ ಹೆಸರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಒಳಗಿಡುವುದಾದರೆ. ಅಗ್ಗವೆಂದು ಮೆದು ಪಿವಿಸಿಯ ಚೀಲಗಳನ್ನು ಮಾತ್ರ ಕೊಳ್ಳಬಾರದು. ನಮ್ಮ ಕಡೆಯ ಮಳೆಗಾಲದ ಶೆಕೆಯಲ್ಲಿ ಅವು ತಟ್ಟೆಯ ಮೈಗೆ ಅಂಟಿಕೊಂಡು, ಬಿಡಿಸುವಾಗ ಅಚ್ಚಿನ ಬಣ್ಣವನ್ನೂ ಎತ್ತಿಕೊಂಡು ಬರುವುದುಂಟು.