ಜಗಲಿ ಮತ್ತು ಉಗ್ರಾಣ

ಲಿನಕ್ಸ್ ಯಂತ್ರವೊಂದರಲ್ಲಿ ಅಪಾಚೆ ವೆಬ್ ಸರ್ವರ್ ಅಳವಡಿಸಿ, ಬ್ರೌಸರಿನಲ್ಲಿ ಅದರ ವಿಳಾಸ ತೆರೆದರೆ, ಕೆಲಸ ನಡೆಯುತ್ತಿದೆ ಎಂದು ಸಾರುವ ಎರಡು ಪದಗಳು ದಪ್ಪಕ್ಷರದಲ್ಲಿ ಮೂಡುತ್ತವೆ. ಗೃಹಪ್ರವೇಶದ ದಿನ ಹಾಲುಕ್ಕಿದಾಗ ಆಗುವಂಥದೇ ಸಂತೋಷ ಅದು. ಆದರೆ ಹಾಲುಕ್ಕಿದ ಮಾತ್ರಕ್ಕೆ ಕಟ್ಟಡ ಮನೆಯಾದೀತೇ? ಬಂದವರನ್ನು ಎಲ್ಲಿ ಕೂರಿಸಬೇಕು, ಯಾವ ಬಾಗಿಲಿಗೆ ಅಗುಳಿ ಹಾಕಬೇಕು ಎಂಬ ವಿವೇಕವೂ ಬೇಡವೇ?

ನಮ್ಮ ಹಳೆಯ ಮನೆಗಳನ್ನು ಕಟ್ಟಿದವರಿಗೆ ಆ ವಿವೇಕವಿತ್ತು. ಜಗಲಿ ದಾರಿಹೋಕರದು. ಬಿಸಿಲಲ್ಲಿ ಬಂದವರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು, ನೀರು ಬೆಲ್ಲ ಕೇಳಬಹುದು. ಉಗ್ರಾಣದಲ್ಲಿ ವರ್ಷದ ಕಾಳಿದೆ. ಅದರ ಹೊಸಿಲನ್ನು ಹೊರಗಿನವರು ದಾಟುವುದಿಲ್ಲ. ಅತಿಥಿಗೆ ಬೇಕಾದದ್ದನ್ನು ಮನೆಯವರೇ ಒಳಗಿನಿಂದ ತಂದುಕೊಡುತ್ತಾರೆ. ವೆಬ್ ಸರ್ವರಿಗೂ ಡೇಟಾಬೇಸಿಗೂ ಇರುವ ನಂಟು ಇದೇ ಅಲ್ಲವೇ? 80 ಮತ್ತು 443ನೇ ಪೋರ್ಟುಗಳು ಲೋಕಕ್ಕೆ ತೆರೆದ ಜಗಲಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಕಾದು ಕುಳಿತಿರುವ 3306 ಒಳಮನೆಯ ಬಾಗಿಲು. ಅದನ್ನು 127.0.0.1 ಎಂಬ ಒಳವಿಳಾಸಕ್ಕೆ ಸೀಮಿತಗೊಳಿಸಲು ಒಂದೇ ಸಾಲು ಸಾಕು. ಆ ಸಾಲು ಬರೆಯುವಾಗ ನಾವು ಜಗತ್ತನ್ನು ಅನುಮಾನಿಸುತ್ತಿದ್ದೇವೆಂದು ಅಳುಕಬೇಕಿಲ್ಲ. ಉಗ್ರಾಣಕ್ಕೆ ಬೀಗವಿರುವುದರಿಂದಲೇ ಜಗಲಿಯನ್ನು ಹಗಲಿರುಳು ಅಂಜದೆ ತೆರೆದಿಡಲು ಸಾಧ್ಯವಾಗಿದೆ. ಮೇಲಾಗಿ ಅಲ್ಲಿರುವ ಕಾಳು ನಮ್ಮದೊಂದೇ ಅಲ್ಲ; ನಂಬಿ ತಮ್ಮ ಹೆಸರು, ವಿಳಾಸ, ಗುಟ್ಟುಗಳನ್ನು ಒಪ್ಪಿಸಿಹೋದ ಎಷ್ಟೋ ಜನರದು.

ಈ ಏರ್ಪಾಡಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಅಧಿಕಾರದ ಹಂಚಿಕೆ. ರೂಟ್ ಎಂಬ ಬಳಕೆದಾರನಿಗೆ ತಡೆಯೇ ಇಲ್ಲ. ಒಂದೇ ಆಜ್ಞೆಯಿಂದ ಎಲ್ಲವನ್ನೂ ಅಳಿಸಿಹಾಕಬಲ್ಲ. 1024ಕ್ಕಿಂತ ಕೆಳಗಿನ ಪೋರ್ಟುಗಳಿಗೆ ಸಾಮಾನ್ಯ ಬಳಕೆದಾರರು ಕೈಹಾಕುವಂತಿಲ್ಲವಾದ್ದರಿಂದ, ಅಪಾಚೆ 80ನೇ ಪೋರ್ಟನ್ನು ಹಿಡಿಯುವುದು ರೂಟ್‌ನ ಬಲದಿಂದಲೇ. ಹಿಡಿದ ಮೇಲೆ ಏನು ಮಾಡುತ್ತದೆ? ಬಂದವರಿಗೆ ಉತ್ತರ ಕೊಡುವ ಕೆಲಸವನ್ನು ಹೆಚ್ಚೇನೂ ಹಕ್ಕಿಲ್ಲದ ಇನ್ನೊಬ್ಬ ಬಳಕೆದಾರನಿಗೆ ಒಪ್ಪಿಸುತ್ತದೆ. ಜನರೆದುರು ನಿಲ್ಲುವ ಕೈಯಲ್ಲಿ ಕೆಲಸಕ್ಕೆ ಬೇಕಾದಷ್ಟೇ ಬಲವಿರುತ್ತದೆ. ಆ ಕೈ ತಪ್ಪಿದರೂ, ಯಾರಾದರೂ ಅದನ್ನು ಹಿಡಿದು ತಿರುಚಿದರೂ ಮನೆ ಉಳಿಯುತ್ತದೆ. ಅಧಿಕಾರ ದಕ್ಕಿದ ಮೇಲೆ ಅದನ್ನು ಕಳಚಿಟ್ಟು ಸೇವೆಗೆ ನಿಲ್ಲುವುದು ನಮಗೆ ಎಷ್ಟು ಕಷ್ಟ! ಪ್ರತಿಯೊಂದಕ್ಕೂ ರೂಟ್ ಆಗಿಯೇ ಕೂರುವ ಚಟ ಕೀಲಿಮಣೆಯ ಮುಂದೆಯೂ ಇದೆ, ಕಚೇರಿಯಲ್ಲೂ ಇದೆ, ಸಂಸಾರದಲ್ಲೂ ಇದೆ.

ಇಷ್ಟು ಮಾಡಿಯೂ ಈ ಮನೆಯ ಕಲ್ಲು ಮರಗಳಲ್ಲಿ ನಾವು ಕೊಂಡದ್ದು ಏನೂ ಇಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹಂಚಿಕೊಂಡ ಲಿನಕ್ಸ್, 1995ರಲ್ಲಿ ಕೆಲವು ವೆಬ್ ಮೇಲ್ವಿಚಾರಕರು ಇದ್ದ ಸರ್ವರಿಗೆ ತೇಪೆ ಹಚ್ಚುತ್ತಾ ಬೆಳೆಸಿದ ಅಪಾಚೆ ನಮಗೆ ಸಂದಿವೆ. ಮೈಕೇಲ್ ವಿಡೇನಿಯಸ್ ತಮ್ಮ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಹಿರಿಯ ಮಗಳ ಹೆಸರನ್ನಿಟ್ಟಿದ್ದರು. ಅದು ದೊಡ್ಡ ಕಂಪನಿಯ ಪಾಲಾಗುವ ಸೂಚನೆ ಕಂಡಾಗ, 2009ರಲ್ಲಿ, ಕಿರಿಯ ಮಗಳ ಹೆಸರಿನಲ್ಲಿ ಮರಿಯಾಡಿಬಿ ಎಂಬ ಹೊಸ ಕವಲು ತೆಗೆದರು. ಮಕ್ಕಳ ಹೆಸರಿಟ್ಟು ಲೋಕಕ್ಕೆ ಬಿಟ್ಟುಕೊಟ್ಟದ್ದನ್ನು ನಾವು ಅಜಾಗ್ರತೆಯಿಂದ ಬಳಸಬಹುದೇ?

ಅತಿಥಿಯನ್ನು ಅವನ ಭಾಷೆಯಲ್ಲೇ ಬರಮಾಡಿಕೊಳ್ಳುವುದೂ ಸತ್ಕಾರದ ಭಾಗ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಲಿನಕ್ಸ್ ಹುಟ್ಟಿದ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಸ್ವೀಡನ್ನಿನಲ್ಲಿ ರೂಪುಗೊಂಡ ಮೈಎಸ್‌ಕ್ಯೂಎಲ್, ಬೇರೆ ಹೇಳದಿದ್ದರೆ, ಬಹುಕಾಲ ಲ್ಯಾಟಿನ್ ಅಕ್ಷರಗಳನ್ನಷ್ಟೇ ಬಲ್ಲ ವ್ಯವಸ್ಥೆಯನ್ನೇ ಇಟ್ಟುಕೊಳ್ಳುತ್ತಿತ್ತು, ಅದೂ ಸ್ವೀಡಿಷ್ ಅಕಾರಾದಿಯೊಂದಿಗೆ. ಯೂನಿಕೋಡನ್ನು ಪೂರ್ತಿ ಬಲ್ಲ ಯುಟಿಎಫ್8ಎಂಬಿ4 ಸಹಜ ಆಯ್ಕೆಯಾದದ್ದು 2018ರ 8.0 ಆವೃತ್ತಿಯಲ್ಲಿ. ಹಳೆಯ ಕೋಷ್ಟಕಗಳು ಇನ್ನೂ ಎಷ್ಟೋ ಕಡೆ ಉಸಿರಾಡುತ್ತಿವೆ. ಅಂಥಲ್ಲಿ ಅಜ್ಜಿಯೊಬ್ಬರ ಹೆಸರನ್ನು ಕನ್ನಡದಲ್ಲಿ ತುಂಬಿಸಿದರೆ ಎಷ್ಟೋ ಸಲ ಒಳಗೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ. ಆದ್ದರಿಂದ, ಡೇಟಾಬೇಸ್ ಕಟ್ಟುವ ಕಿರಿಯರೇ, ಮೊದಲ ಹೆಸರು ಬರೆಯುವ ಮುನ್ನವೇ ಅಕ್ಷರವ್ಯವಸ್ಥೆ ಯಾವುದೆಂದು ನೋಡಿಕೊಳ್ಳಿ. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದ ಅಕ್ಷರಗಳನ್ನು ಮತ್ತೆ ಕನ್ನಡವಾಗಿಸುವ ಆಜ್ಞೆ ಯಾವುದೂ ಇಲ್ಲ.