ಇಂದಿನ ಚಿಂತನೆ: ಚುಕ್ಕಾಣಿ ಯಾರ ಕೈಯಲ್ಲಿ?



ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕನಿಗೆ ಏನು ಬೇಕು? ಔಷಧ ಬೇಕು, ಪಿಂಚಣಿ ಬೇಕು, ಆರೈಕೆ ಬೇಕು. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅವನಿಗೆ ಸ್ಪರ್ಧೆಯೂ ಬೇಕೇ? ಇಷ್ಟು ನೊಂದವನನ್ನು ಮತ್ತೆ ಸೋಲು-ಗೆಲುವಿನ ಕಣಕ್ಕೆ ಇಳಿಸುವುದು ಕರುಣೆಯೇ?

ಲುಡ್ವಿಗ್ ಗುಟ್ಮನ್ ಎಂಬ ಯಹೂದಿ ವೈದ್ಯರು ಜರ್ಮನಿಯಲ್ಲಿದ್ದರು. ಹುಟ್ಟಿನ ಕಾರಣಕ್ಕೇ 1933ರಲ್ಲಿ ನಾಜಿಗಳು ಅವರ ಆಸ್ಪತ್ರೆಯ ಹುದ್ದೆ ಕಿತ್ತುಕೊಂಡರು. 1939ರಲ್ಲಿ ಅವರು ಕುಟುಂಬದೊಂದಿಗೆ ಇಂಗ್ಲೆಂಡ್ ಸೇರಿದರು. 1944ರಲ್ಲಿ ಅಲ್ಲಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗ ಅವರ ಕೈಗೆ ಬಂತು. ಆಗ ಇಂಥವರು ಹೆಚ್ಚು ಕಾಲ ಬದುಕುತ್ತಾರೆಂದು ಯಾರೂ ನಂಬುತ್ತಿರಲಿಲ್ಲ. ಹಾಸಿಗೆ ಹುಣ್ಣು, ಮೂತ್ರದ ಸೋಂಕು ಅವರ ಪ್ರಾಣ ತೆಗೆಯುತ್ತಿದ್ದವು. ಗುಟ್ಮನ್ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಪದ್ಧತಿ ತಂದರು. ಜೀವ ಉಳಿಯಿತು. ಉಳಿದ ಜೀವಕ್ಕೆ ಒಂದು ಗುರಿಯೂ ಬೇಕಲ್ಲವೇ? 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, 16 ಮಂದಿ ಗಾಯಾಳು ಸೈನಿಕರು ವೀಲ್‌ಚೇರ್‌ನಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಅವರಲ್ಲಿ ಮಹಿಳೆಯರೂ ಇದ್ದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ಆ ವಿಚಾರ ಮುಂದೆ ಕಡಲಿಗೂ ಇಳಿಯಿತು. ಗಾಯಗೊಂಡ ಸೈನಿಕರಿಗಾಗಿ 2014ರಲ್ಲಿ ಶುರುವಾದ ಇನ್ವಿಕ್ಟಸ್ ಕ್ರೀಡಾಕೂಟಕ್ಕೆ 2018ರಲ್ಲಿ, ಸಿಡ್ನಿಯಲ್ಲಿ, ಹಾಯಿದೋಣಿ ಸ್ಪರ್ಧೆ ಮೊದಲ ಬಾರಿ ಸೇರಿತು. ಅಲ್ಲಿ ಬಳಸಿದ ದೋಣಿಗಳಲ್ಲಿ ಒಂದು ಹನ್ಸಾ 303. ಅದರಲ್ಲಿ ಎದ್ದು ಓಡಾಡಬೇಕಿಲ್ಲ. ಮುಂದಕ್ಕೆ ಮುಖ ಮಾಡಿ ಕುಳಿತೇ ಜಾಯ್‌ಸ್ಟಿಕ್ ಹಿಡಿದು ದಿಕ್ಕು ತಿರುಗಿಸಬಹುದು. ತಳದಲ್ಲಿ ಭಾರದ ಹಲಗೆ ಇರುವುದರಿಂದ ಅದು ಸುಲಭಕ್ಕೆ ಮಗುಚುವುದಿಲ್ಲ. ದೋಣಿಯನ್ನು ಮನುಷ್ಯನಿಗೆ ತಕ್ಕಂತೆ ಮಾಡಿದರು. ಗಾಳಿ ಮಾತ್ರ ಎಲ್ಲರಿಗೂ ಒಂದೇ.

ಎದುರುಗಾಳಿಗೆ ಹಾಯಿದೋಣಿ ನೇರ ಹೋಗಲಾರದು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ಯಾವಾಗ ತಿರುಗಬೇಕೆಂದು ನಿರ್ಧರಿಸುವವರು ಚುಕ್ಕಾಣಿ ಹಿಡಿದವರೇ. ಊಟ, ಸ್ನಾನ, ನಿದ್ದೆ ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಿದ್ದ ಮನುಷ್ಯನಿಗೆ ನಿರ್ಧರಿಸುವ ಹಕ್ಕು ಹೀಗೆ ಮರಳಿ ಸಿಗುತ್ತದೆ. ತಪ್ಪುವ ಹಕ್ಕೂ ಸಿಗುತ್ತದೆ.

ಆದರೆ ಗೆಲುವಿನ ಬೆನ್ನಿಗೇ ವೈರ ಬರುತ್ತದೆ ಎಂದು ಧಮ್ಮ ಎಚ್ಚರಿಸುತ್ತದಲ್ಲ? ನಿಜ. ಯುದ್ಧದಲ್ಲಿ ಎದುರಾಳಿ ಅಳಿಯಬೇಕು. ಪಂದ್ಯದಲ್ಲಿ ಎದುರಾಳಿ ಇರಲೇಬೇಕು. ಅವನಿಲ್ಲದೆ ಪಂದ್ಯವೇ ಇಲ್ಲ. ಹಾಯಿದೋಣಿ ಪಂದ್ಯಗಳ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಮೊದಲು ಬರುವುದೇ ಅಪಾಯದಲ್ಲಿರುವವರಿಗೆ ಸಾಧ್ಯವಿರುವ ಎಲ್ಲ ನೆರವು ಕೊಡಬೇಕೆಂಬ ನಿಯಮ. ಬಂದೂಕು ಹಿಡಿದಿದ್ದ ಕೈಗೆ ಇದು ಸಣ್ಣ ಪಾಠವಲ್ಲ.

ಒಂದು ಎಚ್ಚರ ಇರಲಿ. ಪದಕ ಚಿಕಿತ್ಸೆಗೆ ಬದಲಿಯಲ್ಲ. ಯುದ್ಧಕ್ಕೆ ಕಳಿಸಿದ ಸರ್ಕಾರದ ಹೊಣೆ ಕ್ರೀಡಾಕೂಟದ ಚಪ್ಪಾಳೆಯಲ್ಲಿ ಮುಗಿಯುವುದಿಲ್ಲ. ಸ್ಪರ್ಧಿಸಲಾಗದೆ ಹಾಸಿಗೆಯಲ್ಲೇ ಉಳಿದವರ ಘನತೆ ಗೆದ್ದವರ ಘನತೆಗಿಂತ ಒಂದು ಗುಂಜಿಯೂ ಕಡಿಮೆಯಲ್ಲ. ಗುಟ್ಮನ್ ಮೊದಲು ಮಗ್ಗುಲು ಬದಲಿಸಿದರು, ಆಮೇಲೆ ಬಿಲ್ಲು ಕೊಟ್ಟರು. ಎರಡೂ ಬೇಕು.

ಕನಿಕರ ಮೇಲಿನಿಂದ ಕೆಳಗೆ ನೋಡುತ್ತದೆ. ಮೈತ್ರಿ ಸಮಾನವಾಗಿ ಪಕ್ಕದಲ್ಲಿ ಕೂರುತ್ತದೆ.

ನಮ್ಮ ಮನೆಯಲ್ಲೂ ಕಾಯಿಲೆಯ ಅಜ್ಜ, ನಡೆಯಲಾಗದ ಅಕ್ಕ ಇರಬಹುದು. ಪ್ರೀತಿಯಿಂದಲೇ ನಾವು ಅವರ ಕೈಯಿಂದ ಯಾವ ಯಾವ ತೀರ್ಮಾನಗಳನ್ನು ಕಿತ್ತುಕೊಂಡಿದ್ದೇವೆ? ಇವತ್ತು ಅದರಲ್ಲಿ ಒಂದನ್ನಾದರೂ ಮರಳಿಸೋಣ.

ನಮೋ ಬುದ್ಧಾಯ. ಜೈ ಭೀಮ್.