ಬಾಯಿಗೆ ಅಡ್ಡ ಬಂದ ಕೈ

ಭದ್ರಾವತಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಈಗ ಹದಿನೈದು ವರ್ಷ. ನಗು ಬಂದಾಗಲೆಲ್ಲ ಅವಳ ಬಲಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಮುಂದಿನ ಎರಡು ಹಲ್ಲು ತುಸು ಚಾಚಿವೆ, ಅಷ್ಟೆ. ಕಳೆದ ಭಾನುವಾರ ಶಿವಮೊಗ್ಗದಿಂದ ಅಲ್ಲಿಗೆ ಹೋಗಿದ್ದಾಗ, ಹಲ್ಲಿಗೆ ತಂತಿ ಹಾಕಿಸಿಕೊಳ್ಳುವ ಆಸೆಯನ್ನು ನನ್ನ ಮುಂದಿಟ್ಟಳು. ಮೇಷ್ಟರ ಚಪಲ ಬಿಟ್ಟೀತೆ? “ರೂಪದಲ್ಲೇನಿದೆಯಮ್ಮ, ಗುಣ ಮುಖ್ಯ” ಎಂದು ಉಪದೇಶ ಮಾಡಿದೆ. ಹುಡುಗಿ ತಲೆ ತಗ್ಗಿಸಿ, “ಮಾವ, ನನ್ನನ್ನು ಮೊದಲು ಮೊಲ ಎಂದು ಕರೆದವರು ನೀವೇ” ಎಂದಳು.

ನನಗೆ ನೆನಪೇ ಇರಲಿಲ್ಲ. ಆಡಿದವನು ಮರೆತಿದ್ದ, ಆಡಿಸಿಕೊಂಡವಳು ಮರೆತಿರಲಿಲ್ಲ.

ಮನಸ್ಸು ತಡೆಯದೆ ಹಳೇ ನಗರದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋಗಿ ಕುಳಿತೆ. ಹೊಯ್ಸಳರ ಕಾಲದ ಗುಡಿ. ಮೂರ್ತಿಗಳನ್ನು ನೋಡುತ್ತ ಶಿಲ್ಪಶಾಸ್ತ್ರದ ಲೆಕ್ಕ ನೆನಪಾಯಿತು: ಮುಖ ಒಂದು ತಾಳ, ಎಂದರೆ 12 ಅಂಗುಲ, ಹಣೆಗೆ 4, ಮೂಗಿಗೆ 4, ಅಲ್ಲಿಂದ ಗದ್ದದ ತುದಿಗೆ 4. ಇಂದಿನ ದಂತವೈದ್ಯರೂ ಮುಖವನ್ನು ಹೀಗೆಯೇ ಮೂರು ಸಮಭಾಗ ಮಾಡಿ ನೋಡುತ್ತಾರೆ. ವಕ್ರದಂತ ಚಿಕಿತ್ಸೆಗೆ ಆಧುನಿಕ ಶಾಸ್ತ್ರದ ರೂಪ ಕೊಟ್ಟ ಅಮೆರಿಕದ ಎಡ್ವರ್ಡ್ ಆಂಗಲ್ (1855–1930), ವ್ಯಾಟಿಕನ್ನಿನಲ್ಲಿರುವ ಅಪೊಲೊ ಶಿಲ್ಪದ ಮುಖವನ್ನು ಆದರ್ಶವೆಂದು ಎತ್ತಿ ಹಿಡಿದಿದ್ದ.

ಆದರೆ ಕಲ್ಲಿನ ಮುಖ ಕದಲುವುದಿಲ್ಲ, ಮನುಷ್ಯನದು ಕದಲುತ್ತದೆ. ಆದ್ದರಿಂದ ಈಗಿನ ವೈದ್ಯರು ನಗುವನ್ನೂ ಅಳೆಯುತ್ತಾರೆ. ನಕ್ಕಾಗ ಮೇಲಿನ ಹಲ್ಲುಗಳ ಅಂಚು ಕೆಳತುಟಿಯ ಬಾಗಿಗೆ ಹೊಂದುತ್ತದೆಯೆ, ಒಸಡು ಎಷ್ಟು ಕಾಣುತ್ತದೆ ಎಂದು ಪರೀಕ್ಷಿಸುತ್ತಾರೆ. ಈ ಅಳತೆಗಳು ಸುಳ್ಳಲ್ಲ. ಆದರೂ ನಗುವೆಲ್ಲ ಅದರಲ್ಲಿಲ್ಲ. ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲೇ ಬರೆದಿಟ್ಟಿದ್ದಾನೆ: ತುಟಿಯನ್ನು ಎಳೆಯುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ. ಹಲ್ಲನ್ನು ವೈದ್ಯರು ತಿದ್ದಿಯಾರು. ಕಣ್ಣು ನಗಬೇಕಾದರೆ ಎದುರಿಗಿರುವವರ ಭಯ ಹೋಗಬೇಕು.

ಆ ಭಯವನ್ನು ಹುಟ್ಟಿಸುವವರಾದರೂ ಯಾರು? ಕಪ್ಪಿ, ಡುಮ್ಮಿ, ಕುಳ್ಳಿ, ಉಬ್ಬುಹಲ್ಲಿ: ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರುಗಳು ಎಷ್ಟೊಂದು! ಓದುಗರು ತಮ್ಮ ಮನೆಯದನ್ನೂ ಸೇರಿಸಿಕೊಳ್ಳಬಹುದು. ತಂತಿ ಹಲ್ಲನ್ನು ಜಗ್ಗಿ ಕೂರಿಸುವುದಿಲ್ಲ. ತಿಂಗಳುಗಟ್ಟಲೆ ಮೆಲ್ಲಗೆ ಒತ್ತುತ್ತದೆ. ಒತ್ತಿದ ಕಡೆ ಎಲುಬು ಕರಗುತ್ತದೆ, ಹಿಂದೆ ಹೊಸದು ಬೆಳೆಯುತ್ತದೆ. ಬಿಡದೆ ಬಿದ್ದ ಹಗುರವಾದ ಒತ್ತಡಕ್ಕೆ ಎಲುಬೇ ದಾರಿ ಬಿಡುವುದಾದರೆ, ದಿನದಿನದ ಹಗುರವಾದ ಹಾಸ್ಯಕ್ಕೆ ಎಳೆಯ ಮನಸ್ಸು ಬಾಗದೆ ಇದ್ದೀತೆ?

ರೂಪ ಮುಖ್ಯವಲ್ಲ ಎಂಬುದು ಒಳ್ಳೆಯ ಮಾತೇ. ಆದರೆ ರೂಪವನ್ನು ಆಡಿಕೊಂಡವನಿಗೆ ಅದನ್ನು ಹೇಳುವ ಅಧಿಕಾರವಿಲ್ಲ. ಹುಡುಗಿ ಬಯಸಿದ್ದು ಅಪೊಲೊನ ಮುಖವನ್ನಲ್ಲ. ನಗುವಾಗ ಕೈಯನ್ನು ಕೆಳಗೇ ಇಟ್ಟುಕೊಂಡಿರುವ ಸ್ವಾತಂತ್ರ್ಯವನ್ನು. ಅದನ್ನು ಒಣ ಆಡಂಬರವೆಂದು ತಳ್ಳಿಹಾಕುವುದು ಅನ್ಯಾಯ.

ಮನೆಗೆ ಮರಳಿ, ತಂತಿ ಹಾಕಿಸೋಣ, ಅರ್ಧ ಖರ್ಚು ನನ್ನದು ಎಂದು ತಂಗಿಗೆ ಹೇಳಿದೆ. ಅದರಿಂದ ನನ್ನ ಸಾಲ ತೀರಿತೆಂದಲ್ಲ. ತಂತಿ ತೆಗೆದ ಮೇಲೂ, ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ವೈದ್ಯರು ಒಂದು ತಡೆ ಹಾಕುತ್ತಾರೆ. ಅಂಥ ತಡೆ ನನ್ನಂಥವರ ನಾಲಗೆಗೂ ಬೇಕು.

ಹೊರಡುವಾಗ “ತಪ್ಪಾಯಿತು ಮಗು” ಎಂದೆ. ಅವಳು ನಕ್ಕಳು. ಕೈ ಎಂದಿನಂತೆ ಮೇಲೆದ್ದು, ಗದ್ದದ ಬಳಿ ನಿಂತಿತು.